ಬಚ್ಚಲ ಹಿಂದಿನ ಮಜ್ಜಿಗೆ ಹುಲ್ಲು

ಆಗೆಲ್ಲ ಚಳಿಗಾಲ ಶುರುವಾಯಿತೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದವಳು ನಮ್ಮ ಅಜ್ಜಿ. ನಮ್ಮ ಹಳ್ಳಿ ಸಿಂಗಾಪುರದ ಇತರರ ಮಾತು ನನಗೆ ಗೊತ್ತಿಲ್ಲ, ನಮ್ಮ ಮನೆಯ ಮಟ್ಟಿಗಂತೂ ಹಾಗೇ. ಒಂದು ಬೆಳಿಗ್ಗೆ ಟೀ ಲೋಟ ಮೂಗಿನ ಹತ್ತಿರ ಬಂದಾಗ ಒಣಶುಂಠಿಯ ಘಾಟು ಹೋಗಿ ಮಜ್ಜಿಗೆ ಹುಲ್ಲಿನ ನಿಂಬೆಯಂಥ ವಾಸನೆ ಬಂದರೆ ಮಳೆಗಾಲ ಮುಗಿಯಿತು ಎಂದರ್ಥ. ಆಮೇಲೆ ಹೊರಗೆ ಎಷ್ಟೇ ಸುರಿಯಲಿ, ಶುಂಠಿ ಡಬ್ಬಿ ಅಟ್ಟದಿಂದ ಇಳಿಯುತ್ತಿರಲಿಲ್ಲ. ಬೇಸಿಗೆಗೆ ತಂಪಿಗೆಂದು ಸೊಗದೆ ಬೇರಿನ ಟೀ, ಅದಕ್ಕೆ ಹಾಲಿಲ್ಲ. "ಶುಂಠೀದೇ ಮಾಡಜ್ಜಿ" ಎಂದು ಹಟ ಹಿಡಿದರೆ, "ಕಾಲ ಕೇಳ್ದಂಗೆ ಕುಡೀಬೇಕು ಕಣೆ, ನಾಲ್ಗೆ ಕೇಳ್ದಂಗಲ್ಲ" ಎಂದು ಗದರುತ್ತಿದ್ದಳು.

ಹೊಲವೆಲ್ಲ ಸೈಟುಗಳಾಗಿ, ಆ ದುಡ್ಡಿನಲ್ಲಿ ಮೂರಂತಸ್ತಿನ ಮನೆ ಎದ್ದು, ಚಿಕ್ಕಪ್ಪ ಬಿಲ್ಡರ್ ಆಗಿದ್ದ ಕಾಲ ಅದು. ಅಜ್ಜಿಗೆ ಉಳಿದಿದ್ದು ಬಚ್ಚಲ ಹಿಂದಿನ ಹಿತ್ತಲು, ಅದರ ಮೂಲೆಯಲ್ಲಿ ಮಜ್ಜಿಗೆ ಹುಲ್ಲಿನ ಒಂದು ದೊಡ್ಡ ಪೊದೆ. ಬುಡದಲ್ಲಿ ಎರಡು ಬೆರಳು ಬಿಟ್ಟು ಕೊಯ್ಯಬೇಕು, ಗಂಟು ಕಟ್ಟಿ ನೀರಿಗೆ ಹಾಕಬೇಕು. ಅದು ಕುದ್ದ ಮೇಲೆ ಟೀಪುಡಿ, ಆಮೇಲೆ ಬೆಲ್ಲ. ಪಾತ್ರೆ ಕೆಳಗಿಳಿಸಿ, ಕುದಿ ನಿಂತ ಮೇಲಷ್ಟೇ ಹಾಲು. ಈ ಕೊನೆಯ ಮಾತನ್ನು ಅಜ್ಜಿ ನನಗೆ ನೂರು ಸಲ ಹೇಳಿದ್ದಳು.

ಚಿಕ್ಕಪ್ಪನಿಗೆ ಆ ಹಿತ್ತಲು ಬೇಕಿತ್ತು. ಪೂರ್ತಿ ಸಿಮೆಂಟ್ ಹಾಕಿಸಿ ಕಾರು ನಿಲ್ಲಿಸುವ ಯೋಚನೆ. ಹಾವು ಬರುತ್ತೆ, ಸೊಳ್ಳೆ ಬರುತ್ತೆ ಎಂದು ದಿನಾ ಒಂದು ನೆಪ ತೆಗೆಯುತ್ತಿದ್ದ. ಅಜ್ಜಿ ಸೊಪ್ಪು ಸೋಸುತ್ತಾ ತಲೆ ಎತ್ತದೇ ಹೇಳುತ್ತಿದ್ದಳು: "ಒಲ ಮಾರ್ದಾಗ ಸುಮ್ಕಿದ್ದೆ. ಈ ಗೇಣು ಮಣ್ಣು ನಂದು. ಮುಟ್ಟು, ನೋಡ್ತೀನಿ."

ನಾನು ಆರನೇ ಕ್ಲಾಸಿನಲ್ಲಿದ್ದೆ. ದೀಪಾವಳಿ ಮುಗಿದು, ಹುಲ್ಲಿನ ಟೀ ಶುರುವಾಗಿ ನಾಲ್ಕು ದಿನವಾಗಿತ್ತು. ಅಪ್ಪ, ಅಮ್ಮ, ಅಜ್ಜಿ ಸೋಲದೇವನಹಳ್ಳಿಗೆ ಮದುವೆಗೆ ಹೋಗಿದ್ದರು. ಪರೀಕ್ಷೆ ಇದ್ದದ್ದರಿಂದ ನಾನೊಬ್ಬಳೇ ಚಿಕ್ಕಪ್ಪನ ಜೊತೆ ಉಳಿದೆ. ಮಧ್ಯಾಹ್ನ ಅವನು ಅಡುಗೆಮನೆಗೆ ಬಂದ.

"ಸೈಟ್ ತಗೊಳ್ಳೋ ಪಾರ್ಟಿ ಬರ್ತಾವ್ರೆ, ಮೂರ್ ಜನ. ಡಬ್ಬದಲ್ಲಿ ಡಿಪ್ ಟೀ ಐತೆ, ಅದ್ ಕೊಡು. ಆ ಹುಲ್ಲು ಗಿಲ್ಲು ಹಾಕಿ ನನ್ ಮಾನ ಕಳೀಬೇಡ."

ನನಗೆ ಉರಿದುಹೋಯಿತು. ದಿನಾ ಬೆಳಿಗ್ಗೆ ಅದೇ ಹುಲ್ಲಿನ ಟೀ ಎರಡು ಲೋಟ ಕುಡಿಯುವವನು! ಅವನು ನಡುಮನೆಗೆ ಹೋದದ್ದೇ ತಡ, ಕುಡುಗೋಲು ತಗೊಂಡು ಹಿತ್ತಲಿಗೆ ನಡೆದೆ. ಬಂದವರು ಕುಡಿದು ಚಪ್ಪರಿಸಬೇಕು, ಚಿಕ್ಕಪ್ಪನ ಬಾಯಿ ಮುಚ್ಚಬೇಕು, ಪೊದೆ ಉಳಿಯಬೇಕು. ಹುಲ್ಲು ಕುದಿಯಿತು, ವಾಸನೆ ಮೆಟ್ಟಿಲವರೆಗೂ ಹಬ್ಬಿತು. ಟೀಪುಡಿ, ಬೆಲ್ಲ ಹಾಕಿದೆ. ಅಷ್ಟರಲ್ಲಿ ಚಿಕ್ಕಪ್ಪ ನಡುಮನೆಯಿಂದ "ಟೀ ಆಯ್ತೇನಮ್ಮಾ?" ಎಂದು ಕೂಗಿದ. ಗಾಬರಿಯಲ್ಲಿ ಉರಿಯ ಮೇಲಿದ್ದ ಪಾತ್ರೆಗೇ ಹಾಲು ಸುರಿದುಬಿಟ್ಟೆ.

ಕಣ್ಣೆದುರೇ ಹಾಲು ಒಡೆಯಿತು. ಅಲ್ಲಿಗಾದರೂ ಸುಮ್ಮನಾಗಬಹುದಿತ್ತು. ಇಲ್ಲ, ಸೋಸಿ, ಲೋಟಕ್ಕೆ ಬಗ್ಗಿಸಿ, ತಲೆ ಎತ್ತಿಕೊಂಡೇ ತೆಗೆದುಕೊಂಡು ಹೋದೆ. ಸೋಸಿದರೂ ಬಿಳಿ ಚೂರುಗಳು ತೇಲುತ್ತಿದ್ದವು. ಒಬ್ಬರು ಒಂದು ಗುಟುಕು ಕುಡಿದು, "ಇದೇನ್ ಸಾರ್, ಟೀನಾ ಕಷಾಯಾನಾ?" ಎಂದು ನಕ್ಕರು. ಮಿಕ್ಕಿಬ್ಬರು ಲೋಟ ಮುಟ್ಟಲೇ ಇಲ್ಲ.

ಅವರು ಹೋದ ಮೇಲೆ ಚಿಕ್ಕಪ್ಪ ಹೊಡೆಯಲಿಲ್ಲ. "ನಾಳೇನೇ ಸಿಮೆಂಟ್ ಹಾಕಿಸ್ತೀನಿ. ನೆನಪಿಟ್ಕೋ, ನಿನ್ನಿಂದಾನೇ" ಎಂದ. ಹೊಡೆದಿದ್ದರೇ ಚೆನ್ನಾಗಿತ್ತು.

ಸಂಜೆ ಅಜ್ಜಿ ಮದುವೆಮನೆಯ ತಾಂಬೂಲದ ಚೀಲ ಕೆಳಗಿಡುವ ಮೊದಲೇ ಅವಳ ಸೆರಗು ಹಿಡಿದುಕೊಂಡು ಎಲ್ಲ ಹೇಳಿದೆ. ಬಿಕ್ಕುತ್ತಾ, "ನನ್ನಿಂದ ಹೋಯ್ತಜ್ಜಿ" ಎಂದೆ. ಅವಳು ಸೀದಾ ಚಿಕ್ಕಪ್ಪನ ಎದುರು ಹೋಗಿ ನಿಂತಳು.

"ಒಡ್ದಿದ್ದು ಆಲು ಕಣೋ, ಉಲ್ಲಲ್ಲ."

"ನೀನ್ ಸುಮ್ನಿರವ್ವ, ಮೂರ್ ಜನದ ಮುಂದೆ ಮರ್ಯಾದೆ ಹೋಯ್ತು."

"ಸಿಮೆಂಟ್ ಮೂಟೆ ಯಾವತ್ ತಂದೆ?"

ಚಿಕ್ಕಪ್ಪ ಮೆಟ್ಟಿಲ ಕಡೆ ಕಣ್ಣು ಹಾಯಿಸಿದ.

"ಮೂರ್ ದಿನ ಆಯ್ತು, ಮೆಟ್ಲು ಕೆಳ್ಗೆ ಟಾರ್ಪಾಲ್ ಒದ್ಸಿಟ್ಟಿದ್ದೀಯ. ನಂಗ್ ಕಣ್ಣಿಲ್ವಾ? ಮಾಡಾದ್ ನೀನು, ತಪ್ಪು ಮಗೀನ್ ತಲೆಗ್ ಕಟ್ತೀಯಾ?"

ಅಷ್ಟು ದೊಡ್ಡ ಆಳು ಗೋಡೆ ನೋಡುತ್ತಾ ನಿಂತ. ಆ ಕ್ಷಣ ನನ್ನ ಎದೆಯ ಮೇಲಿನ ಚಪ್ಪಡಿ ಸರಿದ ಹಾಗಾಯಿತು.

ಬೆಳಿಗ್ಗೆ ಮೇಸ್ತ್ರಿ, ಇಬ್ಬರು ಆಳುಗಳ ಜೊತೆ ಬಂದ. ಅಜ್ಜಿ ಅವರಿಗಿಂತ ಮೊದಲೇ ಪೊದೆಯ ಪಕ್ಕ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದ್ದಳು. "ಬಾರೆ, ಮಾಡು. ಎಲ್ರ ಎದುರ್ಗೂ ಮಾಡು" ಎಂದಳು. ಒಲೆಯ ಮುಂದೆ ಕೂತೆ. ಹುಲ್ಲು, ಟೀಪುಡಿ, ಬೆಲ್ಲ. ಪಾತ್ರೆ ಇಳಿಸಿ, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ ಹಾಲು ಹಾಕಿದೆ. ಒಡೆಯಲಿಲ್ಲ. ಮೇಸ್ತ್ರಿ ಎರಡನೇ ಲೋಟ ಕೇಳಿ ಹಾಕಿಸಿಕೊಂಡ. ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದ, ಅವನಿಗೆ ಯಾರೂ ಕೊಡಲಿಲ್ಲ.

ಕುಡಿದು ಮುಗಿಸಿ ಅಜ್ಜಿ ಹುಲ್ಲನ್ನೆಲ್ಲ ಕೊಯ್ದಳು. ಗುದ್ದಲಿಯಿಂದ ಅಗೆಯಲಾದಷ್ಟು ಬುಡಗಳನ್ನು ಪೇಂಟ್ ಡಬ್ಬಗಳಿಗೆ ತುಂಬಿ ತಾರಸಿಯ ಮೇಲಿಡಿಸಿದಳು. ಆಮೇಲೆ ಸೆರಗು ಕೊಡವಿ, "ಕೆಲ್ಸದೋರ್ನ ಬಿಸ್ಲಲ್ ನಿಲ್ಲಿಸ್ಬಾರ್ದು. ಈಗ ಆಕುಸ್ಕೊಳ್ಳಪ್ಪ ನಿನ್ ಸಿಮೆಂಟು" ಎಂದು ಒಳಗೆ ಹೋದಳು. ಅವಳು ಆ ಗೇಣು ಮಣ್ಣು ಬಿಟ್ಟುಕೊಟ್ಟು ಎದ್ದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ನಾನಾಗಿದ್ದರೆ ಏಳುತ್ತಿರಲಿಲ್ಲ.

ತಾರಸಿಯ ಕಾವಿಗೆ ಡಬ್ಬದ ಬುಡಗಳು ಯುಗಾದಿಯ ಹೊತ್ತಿಗೇ ಒಣಗಿದವು. ಮಾರ್ಕೆಟ್ಟಿನ ಹುಲ್ಲನ್ನು ಅಜ್ಜಿ ಮನೆಯೊಳಗೆ ಸೇರಿಸಲಿಲ್ಲ. ಮರುವರ್ಷ ಶುಂಠಿಯಿಂದ ನೇರ ಸೊಗದೆ ಬೇರಿಗೆ ಹಾರಿದಳು, ನಮ್ಮ ಮನೆಗೆ ಚಳಿಗಾಲ ಬರಲೇ ಇಲ್ಲ. ಅದಾಗಿ ಎರಡು ವರ್ಷಕ್ಕೆ ಅವಳೂ ಹೋದಳು.

ಈಗ ನಾನಿರುವುದು ಬ್ಯಾಟರಾಯನಪುರದ ಫ್ಲ್ಯಾಟಿನಲ್ಲಿ. ಕೆಳಗಿನ ಅಂಗಡಿಯಲ್ಲಿ ಶುಂಠಿ, ತುಳಸಿ, ಹುಲ್ಲು, ಹೂವು, ಎಲ್ಲ ಟೀಗಳೂ ವರ್ಷವಿಡೀ ಸಾಲಾಗಿ ಕೂತಿರುತ್ತವೆ. ಯಾವುದಕ್ಕೂ ಕಾಯಬೇಕಾಗಿಲ್ಲ. ಕಾಯುವ ಆ ಸುಖ ನನ್ನ ಮಕ್ಕಳಿಗೆ ಗೊತ್ತೇ ಇಲ್ಲ, ಅದಕ್ಕೆ ನನಗೆ ಸಂಕಟವಾಗುತ್ತದೆ.

ಆದರೆ ಪ್ರತಿ ವರ್ಷ ಚಳಿ ಬಿದ್ದ ಮೇಲೆ ಒಂದು ಭಾನುವಾರ ನಾನು ಬೆಲ್ಲ ಹಾಕಿ ಹುಲ್ಲಿನ ಟೀ ಮಾಡಿ, ಫ್ಲಾಸ್ಕಿಗೆ ತುಂಬಿಕೊಂಡು ಸಿಂಗಾಪುರಕ್ಕೆ ಹೋಗುತ್ತೇನೆ. ಹಿತ್ತಲ ಸಿಮೆಂಟಿನ ಮೇಲೆ ನಿಂತೇ ಕುಡಿಯುತ್ತೇನೆ, ಚಿಕ್ಕಪ್ಪ ನೋಡಲಿ ಅಂತಲೇ. "ಒಳಗ್ ಬಂದು ಕೂತ್ಕೊಂಡ್ ಕುಡಿಯಮ್ಮ" ಎನ್ನುತ್ತಾರೆ. ನಾನು ಹೋಗುವುದಿಲ್ಲ. ಹೋದ ವರ್ಷ ಅವರೇ ಕೋಲೂರಿಕೊಂಡು ಬಂದು, "ನಂಗೂ ಒಂದ್ ಲೋಟ ಕೊಡು" ಎಂದರು. ಬಗ್ಗಿಸಿ ಕೊಟ್ಟೆ. ಅರ್ಧ ಕುಡಿದವರ ಕಣ್ಣು ತುಂಬಿತು.

"ಅವ್ವ ಮಾಡ್ದಂಗೇ ಐತೆ ಕಣಮ್ಮ."

"ಇಲ್ಲ ಚಿಕ್ಕಪ್ಪ, ಇದು ಮಾರ್ಕೆಟ್ ಹುಲ್ಲು" ಎಂದೆ. "ಅಜ್ಜೀದು ನಿಮ್ ಕಾರ್ ಕೆಳಗಿದೆ."