ಮರಿಲಿಂಗನ ಬಲಗೆನ್ನೆ

ಸುರಪುರದ ತನ್ನ ಕ್ಷೌರದಂಗಡಿಯಲ್ಲಿ ಖಾಜಾಮಿಯಾ ಕತ್ತಿಯನ್ನು ಕೆಳಗಿಟ್ಟು, ಗಿರಾಕಿಯ ಮುಖವನ್ನು ಕನ್ನಡಿಯೆದುರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದ.

“ಮರಿಲಿಂಗಣ್ಣ, ಈ ಕಡಿ ನೀ ಕುಂತೀದಿ. ಆ ಕಡಿ ನಿಮ್ಮಪ್ಪ ಕುಂತಾನ ನೋಡು.”

ಕ್ಷೌರಕ್ಕೆ ಕುಳಿತರೆ ಕಣ್ಣು ಮುಚ್ಚುವುದು ಮರಿಲಿಂಗನ ರೂಢಿ. ನಗುತ್ತಲೇ ಕಣ್ಣು ತೆರೆದ. ನಗು ಅಲ್ಲೇ ನಿಂತಿತು. ಎಡಗೆನ್ನೆ ನಲವತ್ತರ ಗಂಡಸಿನದು. ಬಲಗೆನ್ನೆ ಜೋತುಬಿದ್ದಿತ್ತು. ಕಣ್ಣಂಚಿನಿಂದ ಕಿವಿಯವರೆಗೆ ಆಳವಾದ ಗೆರೆಗಳು, ನಡುವೆ ಕಂದು ಕಲೆಗಳು.

ಖಾಜಾಮಿಯಾ ಕೆನ್ನೆಯ ಮೂಳೆಯ ಮೇಲಿನ ಒರಟು ಕಲೆಯೊಂದಕ್ಕೆ ಬೆರಳಿಟ್ಟ. “ಇದು ಮಾಯವಲ್ದು. ಪ್ರತಿ ಸಲ ರಕ್ತ ಬರ್ತದ. ಡಾಕ್ಟರಿಗಿ ತೋರ್ಸು. ಅಲ್ಲೀತನಕ ನಾ ಈ ಕಡಿ ಕತ್ತಿ ಹಚ್ಚಂಗಿಲ್ಲ.”

ಮರಿಲಿಂಗ ಹರೆಯದಿಂದಲೂ ಕ್ರೂಸರ್ ಜೀಪಿನ ಡ್ರೈವರ್. ಬೆಳಿಗ್ಗೆ ಸುರಪುರದಿಂದ ಶಹಾಪುರಕ್ಕೆ, ಸಂಜೆ ವಾಪಸ್. ಶಹಾಪುರದ ಚರ್ಮದ ಡಾಕ್ಟರ್ ಭಾರತಿ ಕೇಳಿದ್ದೂ ಈ ದಾರಿಯನ್ನೇ.

“ಮುಂಜಾನಿ ಉತ್ತರಕ್ಕ ಬರ್ತೀರಿ, ಸೂರ್ಯ ಬಲಕ್ಕ. ಸಂಜಿಮುಂದ ದಕ್ಷಿಣಕ್ಕ ಹೋಗ್ತೀರಿ, ಆವಾಗೂ ಬಲಕ್ಕ.”

“ಗಾಜು ಏರ್ಸಿರ್ತೀನ್ರೀ ಮೇಡಮ್ಮರ.”

“ತೊಗಲು ಸುಡೋ ಕಿರಣ ಗಾಜಿಗಿ ನಿಲ್ತಾವ್ರಿ. ಮುದಿ ಮಾಡೋವು ದಾಟಿ ಬರ್ತಾವ.”

ಕಲೆಯ ಒಂದು ಚೂರು ಪರೀಕ್ಷೆಗೆ ಹೋಯಿತು. ಕ್ಯಾನ್ಸರ್ ಇರಬಹುದೇ ಎಂದು ಮರಿಲಿಂಗ ಕೇಳಿದ. ವರದಿ ಬರಲಿ ಎಂದರು ಡಾಕ್ಟರ್.

ಆ ವಾರ ಅವನು ಕನ್ನಡಿ ನೋಡಲಿಲ್ಲ. ಊಟಕ್ಕೆ ಕುಳಿತಾಗ ಹೆಂಡತಿ ಭಾಗ್ಯಳಿಗೆ ತನ್ನ ಉಪಾಯ ಹೇಳಿದ: ಬೆಳಿಗ್ಗೆ ಶಹಾಪುರದಿಂದ ಸುರಪುರಕ್ಕೆ ಜೀಪು ಓಡಿಸುವ ಇನ್ನೊಬ್ಬ ಡ್ರೈವರ್ ಜೊತೆ ಪಾಳಿ ಬದಲಿಸಿಕೊಳ್ಳುವುದು. “ಎಡಗಡೀನೂ ಒಂದಿಷ್ಟು ಬಿಸಿಲು ತಿಂದ್ರ ಎರಡೂ ಸಮ ಆಗ್ತಾವ.”

ಭಾಗ್ಯ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಎರಡೂ ಕಡಿ ಮುದುಕ ಆಗಾಂವೇನು? ಇದ್ದ ಅರ್ಧಾ ಗಂಡನ್ನಾರ ಉಳಸು!”

ವರದಿ ಬಂತು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು. ಡಾಕ್ಟರ್ ಆ ಕಲೆಯನ್ನು ಹಿಮಕ್ಕಿಂತ ತಣ್ಣನೆಯ ದ್ರವ ಸಾರಜನಕ ಹಚ್ಚಿ, ಹೆಪ್ಪುಗಟ್ಟಿಸಿ ತೆಗೆದರು. ಗೆರೆಗಳು ಮಾತ್ರ ಹಿಂದಕ್ಕೆ ಹೋಗುವುದಿಲ್ಲ ಎಂದರು. ಇನ್ನು ಮೇಲೆ ತುಂಬುತೋಳಿನ ಅಂಗಿ, ಕೆನ್ನೆ ಮುಚ್ಚುವಂತೆ ಟವೆಲ್, ಹೊರಡುವ ಮೊದಲು ಸನ್‌ಸ್ಕ್ರೀನ್, ಮತ್ತೆ ಮಧ್ಯಾಹ್ನಕ್ಕೊಮ್ಮೆ.

ಗಾಯ ಮಾಯ್ದ ಮೇಲೆ ಖಾಜಾಮಿಯಾ ಬಲಗೆನ್ನೆಗೆ ಕತ್ತಿ ಹಚ್ಚಿದ. ರಕ್ತ ಬರಲಿಲ್ಲ. ಮರಿಲಿಂಗ ಕಣ್ಣು ಮುಚ್ಚಿರಲಿಲ್ಲ.