ಬೇರಿನ ಮಣ್ಣೂ ಸೇರಿ

ಭೂಮಿಕಾ, ಮನು, ನಿನ್ನೆ ಬೆಳಿಗ್ಗೆ ಗಾಡಿಯವನ ಹತ್ತಿರ ಹಸಿ ಕಡಲೆಕಾಯಿ ಕೊಂಡೆ. ಗಿಡದ ಸಮೇತ ಕಿತ್ತು ತಂದಿದ್ದ. ಕಾಯಿ ಬಿಡಿಸಿ, ಗೋಣಿಗೆ ಬಡಿದು ಮಣ್ಣು ಉದುರಿಸಿ, ಆಮೇಲೆ ತಕ್ಕಡಿಗೆ ಹಾಕಿದ. "ಮಣ್ಣು ತೂಗಬಾರದಲ್ವಾ ಅಜ್ಜಿ," ಅಂದ, ತಮಾಷೆಗೆ. ನನಗೆ ನಗು ಬರಲಿಲ್ಲ. ಯಾಕೆಂದು ನಿಮ್ಮ ಅಪ್ಪನಿಗೂ ಪೂರ್ತಿ ಹೇಳಿಲ್ಲ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಂಗಣ್ಣ ನಿಮಗೆ ನೆನಪಿರಬೇಕು. ಪಟ್ಟಂದೂರು ಅಗ್ರಹಾರದ ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಬಾಡಿಗೆಗಿದ್ದ, ಯಾದಗಿರಿ ಕಡೆಯ ಗಾರೆ ಕೆಲಸದವನು. ಮನು, ನಿನ್ನ ಸೈಕಲ್ ಇಳಿಸಲು ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರು ಮಾಡಿಕೊಟ್ಟವನು ಅವನೇ. ಅವನ ಹೆಂಡತಿ ಮಲ್ಲಮ್ಮ ಐಟಿ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಾಳೆ. ನಮ್ಮ ರಾಗಿ ಹೊಲ ಆ ಗಾಜಿನ ಕಟ್ಟಡಗಳ ಕೆಳಗೆ ಹೋದ ಮೇಲೆ ನಮಗೆ ಉಳಿದ ಬರೀ ಮಣ್ಣೆಂದರೆ ಹಿತ್ತಲಿನ ಒಂದು ತುಂಡು. ಅಲ್ಲಿ ನಿಂಗಣ್ಣ ಪುಂಡಿ ಸೊಪ್ಪು ಹಾಕಿದ್ದ. ಅವರ ಕಡೆಯವರಿಗೆ ರೊಟ್ಟಿಯ ಜೊತೆ ಪುಂಡಿ ಪಲ್ಯ ಇಲ್ಲದಿದ್ದರೆ ಅದು ಊಟವೇ ಅಲ್ಲ. ನನಗೂ ಮಣ್ಣು ಕಂಡರೆ ಕೈ ಸುಮ್ಮನಿರುವುದಿಲ್ಲ. ದಿನಾ ಬೆಳಿಗ್ಗೆ ಪೈಪು ಹಿಡಿದು ನೀರು ಬಿಡುವುದು ನನ್ನ ಕೆಲಸವಾಯಿತು.

ಗೋಡೆ ಪಕ್ಕದ ಏಳು ಗಿಡ ಮಾತ್ರ ನನ್ನ ತಲೆ ಮೀರಿ ಬೆಳೆದವು. ಎಲೆ ಪುಂಡಿಯ ಹಾಗೇ ಇತ್ತು, ಅಂಗೈ ಬಿಚ್ಚಿ ಹಿಡಿದಂತೆ. ನನ್ನ ಕೈಗುಣ ಎಂದು ಬೀಗಿದೆ. ಒಂದು ದಿನ ಅದರ ಸೊಪ್ಪು ಕಿತ್ತು ಸಾರಿಗೆ ತರುತ್ತಿದ್ದೆ. ಮಲ್ಲಮ್ಮ ಓಡಿ ಬಂದು ಕಸಿದುಕೊಂಡಳು.

"ಅದು ಬ್ಯಾಡ್ರಿ ಅವ್ವಾರ, ಅದು ಕಹಿ ಅದ."

"ಬೇಯಿಸಿದ್ರೆ ಹೋಗುತ್ತೆ ಬಿಡೇ."

"ಅದು ಹೋಗೂ ಕಹಿ ಅಲ್ರಿ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ, ಪೆದ್ದಿಯ ಹಾಗೆ.

ಅದು ಗಾಂಜಾ ಎಂದು ಗೊತ್ತಾಗಿದ್ದು ಪೊಲೀಸರು ಬಂದಾಗಲೇ. ನಿಂಗಣ್ಣ ಏನೂ ಮುಚ್ಚಿಡಲಿಲ್ಲ. "ನಂದೇ ರೀ ಸಾಹೇಬ್ರ. ಅಮಾಸಿ ಭಜನಿಗೆ ನಮ್ಮ ಹಿರ್ಯಾರು ಚಿಲುಮಿ ಸೇದತಿದ್ರು, ನಾನೂ ಸೇದತೀನಿ. ಒಬ್ಬರಿಗೂ ಮಾರಿಲ್ರಿ," ಅಂದ. ಏಳೂ ಗಿಡಗಳನ್ನು ಬುಡಸಮೇತ ಕಿತ್ತರು. ಅರ್ಧ ಗಂಟೆ ಹಿಂದಷ್ಟೇ ನಾನು ನೀರು ಬಿಟ್ಟಿದ್ದೆ. ಬೇರಿಗೆ ತೆಂಗಿನಕಾಯಿ ಗಾತ್ರದ ಮಣ್ಣು ಅಂಟಿತ್ತು, ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಗೆಯೇ ಗೋಣಿಗೆ ತುಂಬಿ ತೂಗಿದರು. ಇಪ್ಪತ್ತೊಂದು ಕೇಜಿ.

ಒಬ್ಬರು ನನ್ನ ಮುಂದೆ ಹಾಳೆ ಹಿಡಿದರು. "ಓನರ್ ಅಜ್ಜಿ, ಸಾಕ್ಷಿಗೆ ಸೈನ್ ಹಾಕ್ತೀರಾ, ಹೆಬ್ಬೆಟ್ಟಾ?"

ಹೆಬ್ಬೆಟ್ಟು ಎಂದದ್ದು ಚುಚ್ಚಿತು. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸು ಪಾಸಾದವಳು ನಾನು. ಓದಿ ನೋಡುತ್ತೇನೆ ಅನ್ನಬೇಕಿತ್ತು. ಅಷ್ಟು ಜನ ಗಂಡಸರ ನಡುವೆ ನಿಂತು ಪೊಲೀಸರ ಕಾಗದ ಓದಿದರೆ ಅವರ ಮೇಲೇ ಅನುಮಾನಪಟ್ಟಂತೆ ಆಗುತ್ತದಲ್ಲ ಎಂಬ ಸಂಕೋಚ. ನಿಮ್ಮ ತಾತ ಇದ್ದಿದ್ದರೆ ಅವರೇ ಮುಂದೆ ಬರುತ್ತಿದ್ದರು. ನಾನು ಗುಂಡಗೆ ಸಹಿ ಹಾಕಿದೆ. "ಅಬ್ಬಾ, ಮುತ್ತಿನಂಥ ಅಕ್ಷರ," ಅಂದರು. ಆ ಹೊತ್ತಿನಲ್ಲೂ ಹಿಗ್ಗಿದೆನಲ್ಲ, ಮಕ್ಕಳೇ!

ಬೈದು, ದಂಡ ಹಾಕಿ, ಒಂದೆರಡು ತಿಂಗಳಲ್ಲಿ ಬಿಡುತ್ತಾರೆ ಅಂದುಕೊಂಡಿದ್ದೆ. ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಜೈಲಿಗೆ ಹೋದವನು ಇನ್ನೂ ಬಂದಿಲ್ಲ. ಹೋದ ವಾರ ಮಲ್ಲಮ್ಮ, ಸರ್ಕಾರ ಕೊಟ್ಟ ಲಾಯರಮ್ಮನನ್ನು ಕರೆದುಕೊಂಡು ಬಂದಳು.

"ಇಪ್ಪತ್ತು ಕೇಜಿ ದಾಟಿದ್ರೆ ದೊಡ್ಡ ವ್ಯಾಪಾರಿಗಳ ಸಾಲಿಗೆ ಸೇರಿಸ್ತಾರೆ ಅಜ್ಜಿ. ಬೇಲ್ ಸಿಗೋದೇ ಕಷ್ಟ. ಕೇಸ್ ಸಾಬೀತಾದ್ರೆ ಹತ್ತಕ್ಕಿಂತ ಕಮ್ಮಿ ಕೊಡೋಕೆ ಜಡ್ಜ್ ಕೈಲೂ ಆಗಲ್ಲ."

"ಹತ್ತು ತಿಂಗಳಾ?"

"ವರ್ಷ."

ನನ್ನ ಕೈಯಲ್ಲಿದ್ದ ಕಾಫಿ ಲೋಟ ಎಲ್ಲಿಟ್ಟೆನೋ ತಿಳಿಯಲಿಲ್ಲ. ಆಕೆ ನಾನು ಸಹಿ ಹಾಕಿದ ಕಾಗದದ ನಕಲು ಕೊಟ್ಟಳು. ಕನ್ನಡಕ ಹಾಕಿಕೊಂಡು, ಅವತ್ತು ಓದದ್ದನ್ನು ಓದಿದೆ. "ಗಾಂಜಾ, ಇಪ್ಪತ್ತೊಂದು ಕೇಜಿ." ಬೇರು ಎಂದಿಲ್ಲ, ಮಣ್ಣು ಎಂದಿಲ್ಲ, ನೀರು ಎಂದಿಲ್ಲ. ಕೆಳಗೆ ನನ್ನ ಮುತ್ತಿನಂಥ ಅಕ್ಷರ. ನಾನು ಪೈಪಿನಲ್ಲಿ ಬಿಟ್ಟ ನೀರಿಗೇ ಎಷ್ಟು ವರ್ಷ ಬೀಳುತ್ತದೋ.

ನಿಂಗಣ್ಣ ತಪ್ಪು ಮಾಡಿಲ್ಲ ಎನ್ನುತ್ತಿಲ್ಲ. ನಿಮ್ಮಂಥ ಮಕ್ಕಳು ಓಡಾಡುವ ಹಿತ್ತಲಿನಲ್ಲಿ ಅದನ್ನು ಬೆಳೆಯಬಾರದಿತ್ತು. ಆದರೆ ಯಾರ ಮೈಮೇಲೂ ಕೈ ಮಾಡದ, ಒಂದು ಎಲೆಯನ್ನೂ ಮಾರದ ಮನುಷ್ಯನಿಗೆ ಹತ್ತು ವರ್ಷವೇ? ಭೂಮಿಕಾ, ನೀನೀಗ ಆರನೇ ಕ್ಲಾಸು. ಅವನು ಹೊರಗೆ ಬರುವಷ್ಟರಲ್ಲಿ ನೀನು ಕೆಲಸಕ್ಕೆ ಹೋಗುತ್ತಿರುತ್ತೀಯ. ಲಾರಿಗಟ್ಟಲೆ ಸಾಗಿಸುವವನನ್ನೂ ಅಮಾವಾಸ್ಯೆಗೊಮ್ಮೆ ಸೇದುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಕಾನೂನು ಬದಲಾಗಬೇಕು. ಮನುಷ್ಯನನ್ನು ನೋಡಿ ಶಿಕ್ಷೆ ಕೊಡುವ ಅಧಿಕಾರ ಜಡ್ಜಿಗಾದರೂ ಇರಬೇಕು.

ಸಹಿ ಹಾಕಿದವರೇ ಕೋರ್ಟಿನಲ್ಲಿ ನಿಜ ಹೇಳಿದರೆ ತೂಕದ ಪ್ರಶ್ನೆ ಏಳುತ್ತದೆ ಎಂದು ಲಾಯರಮ್ಮ ಅಂದಿದ್ದಳು. ನೋಡೋಣ ಎಂದು ತಲೆ ತಗ್ಗಿಸಿದ್ದೆ. ನಿನ್ನೆ ಕಡಲೆಕಾಯಿ ಚೀಲ ಕೆಳಗಿಟ್ಟವಳೇ ಮಲ್ಲಮ್ಮನ ಫೋನಿನಿಂದ ಲಾಯರಮ್ಮನಿಗೆ ಹೇಳಿದೆ, "ಬರ್ತೀನಮ್ಮ. ಅಷ್ಟು ಜನರ ಮುಂದೆನೂ ಹೇಳ್ತೀನಿ."

ನನ್ನ ಸರದಿ ಬರಲು ಇನ್ನೂ ಎಷ್ಟು ಕಾಲವೋ. ಅಷ್ಟರಲ್ಲಿ ನಾಲಿಗೆ ತೊದಲಬಹುದು, ನೆನಪು ಹೋಗಬಹುದು, ನಾನೇ ಇಲ್ಲದಿರಬಹುದು. ಅದಕ್ಕೇ ನೀರು, ಮಣ್ಣು, ಬೇರು ಎಲ್ಲ ಬರೆದಿಟ್ಟಿದ್ದೇನೆ. ಈ ಹಾಳೆಗಳನ್ನು ನಿಮ್ಮ ಶಾಲೆಯ ಸರ್ಟಿಫಿಕೇಟುಗಳ ಜೊತೆಯೇ ಜೋಪಾನವಾಗಿಡಿ. ಕೆಳಗೆ ನನ್ನ ಸಹಿ ಇದೆ. ಈ ಸಲ ಎರಡು ಬಾರಿ ಓದಿ ಹಾಕಿದ್ದೇನೆ.