ಆಯಿ ಎಸೆಯದ ಕಲ್ಲುಗಳು

ನನ್ನ ತಾಯಿಗೆ ಮರೆವಿನ ಕಾಯಿಲೆ ಇಲ್ಲ. ಇದೆ ಎಂದು ಅವಳನ್ನು ನಂಬಿಸಿದವನು ನಾನು. ಮುರ್ಡೇಶ್ವರದ ಒಂದು ಲಾಡ್ಜಿನ ಕೋಣೆಯಲ್ಲಿ, ಮನೆಯವರೆಲ್ಲರ ಎದುರು, ಅವಳ ಮುಖ ನೋಡಿಕೊಂಡೇ ನಾನೊಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಅವಳು ನಂಬಿದಳು — ಮಗ ಹೇಳಿದ್ದಾನೆ ಎಂಬ ಒಂದೇ ಕಾರಣಕ್ಕೆ. ಅಲ್ಲಿಂದ ಇಲ್ಲಿಯವರೆಗೆ ಅವಳು ಬದುಕಿದ್ದು ಆ ಸುಳ್ಳಿನ ಒಳಗೇ.

ಕುಮಟೆಯಲ್ಲಿ ನನ್ನದೊಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಹೆಂಡತಿ ವಿದ್ಯಾ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ಒಬ್ಬಳೇ ಮಗಳು, ಮೇಘನಾ. ಅಪ್ಪ ತೀರಿಕೊಂಡ ಮೇಲೆ ಆಯಿ ನಮ್ಮ ಜೊತೆಗೇ ಇದ್ದಾಳೆ. ನಾನು ಹೇಳುತ್ತಿರುವುದು ಮೇಘನಾ ಏಳನೆಯ ಕ್ಲಾಸಿನಲ್ಲಿದ್ದಾಗಿನ ಮಾತು. ಆಗ ಅವಳಿಗೆ ಕಲ್ಲಿನ ಹುಚ್ಚು. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಯಾರೋ ಇಟ್ಟ ಕಲ್ಲುಗಳನ್ನು ನೋಡಿ ಬಂದವಳು, ಕಂಡ ಕಂಡಲ್ಲಿ ಹೆಕ್ಕತೊಡಗಿದಳು. ಕಿಟಕಿಯ ದಂಡೆಯ ಮೇಲೆ ಕಲ್ಲು, ಫ್ರಿಜ್ಜಿನ ಮೇಲೆ ಕಲ್ಲು, ನನ್ನ ಸ್ಕೂಟರಿನ ಡಿಕ್ಕಿಯಲ್ಲೂ ಕಲ್ಲು. ನಾನು ರೇಗುತ್ತಿದ್ದೆ. ಆಯಿ ಮಾತ್ರ ಅವಳ ಪಕ್ಷ. ಸಂಜೆ ಇಬ್ಬರೂ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು, ಹಳೆಯ ಟೂತ್‌ಬ್ರಶ್ಶಿನಲ್ಲಿ ಒಂದೊಂದನ್ನೇ ತಿಕ್ಕಿ ತೊಳೆಯುತ್ತಿದ್ದರು. ಕೆಲಸ ಮಾಡುತ್ತ ಆಯಿ ಹಾಡುತ್ತಿದ್ದಳು. ಅವಳಿಗೆ ಬಾರದ ಹಾಡಿಲ್ಲ — ಗದ್ದೆ ನೆಟ್ಟಿಯ ಹಾಡು, ಅರಿಶಿನ ಹಚ್ಚುವ ಹಾಡು, ಹೆಣ್ಣು ಒಪ್ಪಿಸುವಾಗಿನ ಹಾಡು. ಒಂದಕ್ಷರ ಓದದವಳ ಬಾಯಲ್ಲಿ ಗಂಟೆಗಟ್ಟಲೆ ಮುಗಿಯದ ಹಾಡುಗಳಿದ್ದವು. ಸುತ್ತಲಿನ ಊರುಗಳಲ್ಲಿ ಮದುವೆ ಎಂದರೆ ಆಯಿಗೆ ಕರೆ ಬರುತ್ತಿತ್ತು.

ಆ ವರ್ಷ ಕ್ರಿಸ್‌ಮಸ್ ರಜೆಗೆ ವಿದ್ಯಾಳ ಅಣ್ಣ, ನನ್ನ ಭಾವ, ಹುಬ್ಬಳ್ಳಿಯಿಂದ ಹೆಂಡತಿಯನ್ನು ಕರೆದುಕೊಂಡು ಹೊಸ ಕಾರಿನಲ್ಲಿ ಬರುವವನಿದ್ದ. ದೊಡ್ಡ ಹುದ್ದೆಯವನು. ನನ್ನ ಅಂಗಡಿಯ ಬಗ್ಗೆ ಅವನಿಗೆ ಒಂದು ನಗು ಇತ್ತು, ಅಥವಾ ಇದೆ ಎಂದು ನನಗೆ ಅನ್ನಿಸುತ್ತಿತ್ತು. ಎರಡು ದಿನದ ಪ್ರವಾಸ ನನ್ನ ಲೆಕ್ಕದಲ್ಲೇ ಆಗಬೇಕು, ಎಲ್ಲ ಅಚ್ಚುಕಟ್ಟಾಗಿ ನಡೆಯಬೇಕು, ಭಾವ ಬಾಯಿ ತುಂಬ ಹೊಗಳಬೇಕು — ಆಸೆ ಇದ್ದದ್ದು ಇಷ್ಟೇ.

ಊಟಕ್ಕೆ ಕೂತಾಗ ಯೋಜನೆ ಹಾಕಿದೆವು. ಧಾರೇಶ್ವರ, ಹೊನ್ನಾವರದ ಸೇತುವೆ, ಅಪ್ಸರಕೊಂಡದ ಜಲಪಾತ, ಸಂಜೆಗೆ ಮುರ್ಡೇಶ್ವರ, ಮರುದಿನ ಭಟ್ಕಳದ ಹಳೆಯ ಬಸದಿಗಳು. ಮೇಘನಾ ಷರತ್ತು ಹಾಕಿದಳು.

“ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಮೇಲೆ ದೇವಸ್ಥಾನ. ಆತಾ ಅಪ್ಪಾ?”

“ಆತು” ಎಂದೆ.

“ಹಾಗಾರೆ ಕಾಯ್ಕಿಣಿಗೂ ಹೋಗ್ವ” ಎಂದಳು ಆಯಿ. ಮುರ್ಡೇಶ್ವರದ ಹತ್ತಿರದ ಕಾಯ್ಕಿಣಿ ಅವಳ ತವರು. ಮೊಮ್ಮಗಳನ್ನು ಅವಳು ‘ತಂಗೀ’ ಎಂದೇ ಕರೆಯುವುದು. “ನಮ್ಮನೆ ಗದ್ದೆ ಆಚೆ ಒಂದು ಹಳ್ಳ ಅದೆ ತಂಗೀ. ಅಲ್ಲಿ ಬಿಳಿ ಬೆಣಚುಕಲ್ಲು ಸಿಕ್ತದೆ. ಸಣ್ಣಿರುವಾಗ ನಾವು ಕತ್ತಲೆ ಕೋಣೆಲಿ ಕೂತು ಒಂದಕ್ಕೊಂದು ತಿಕ್ಕೂದು, ಒಳಗೇ ಬೆಳಕು ಮಿಂಚ್ತಿತ್ತು.”

“ದಾರಿ ನೆನಪದ್ಯಾ ಅಜ್ಜಿ?”

“ಕಣ್ಣು ಮುಚ್ಕಂಡು ಹೋಗ್ತೆ.”

ಆ ಮಾತು ಹೇಳುವಾಗಿನ ಅವಳ ಮುಖ… ಇರಲಿ.

ಹೊರಟ ದಿನ ಧಾರೇಶ್ವರದ ಕಡಲ ಬಂಡೆಗಳ ಹತ್ತಿರವೇ ತಡವಾಯಿತು. ಪಟ್ಟೆ ಪಟ್ಟೆಯಾದ ಕಲ್ಲು ಸಿಕ್ಕಿತೆಂದು ಮೇಘನಾ ಅಲ್ಲಿಂದ ಏಳಲೇ ಒಲ್ಲಳು. ಅಪ್ಸರಕೊಂಡದಲ್ಲಿ ಕಾಗೆಬಂಗಾರದ ಚೂರು ಮಿಂಚುವ ಕಲ್ಲು. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದಲ್ಲೂ ಕಾರು ನಿಲ್ಲಿಸಬೇಕು. ಆಯಿ ಪ್ರತಿಯೊಂದು ಕಲ್ಲನ್ನೂ ಪೇಪರಿನ ತುಂಡಿನಲ್ಲಿ ಸುತ್ತಿ ಕೊಡುವಳು, ಮೇಘನಾ ಅದನ್ನು ಬಟ್ಟೆ ಅಂಗಡಿಯ ಚೀಲದಲ್ಲಿ ಇಡುವಳು. ಚೀಲದ ಮಣ್ಣು ಭಾವನ ಹೊಸ ಸೀಟಿಗೆ ತಾಗಿತು. ಅವನು ಕರವಸ್ತ್ರ ತೆಗೆದು ಒರೆಸಿದ. ನಾನು ಒಳಗೊಳಗೇ ಕುದಿಯುತ್ತಿದ್ದೆ.

ಮುರ್ಡೇಶ್ವರ ತಲುಪುವಾಗ ಗೋಪುರದ ಲಿಫ್ಟು ಮುಚ್ಚಿತ್ತು. ಮೇಲಿನಿಂದ ಸಮುದ್ರ ತೋರಿಸುತ್ತೇನೆ ಎಂದು ನಾನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಭಾವ ನಕ್ಕ. “ನಿಮ್ಮ ಪ್ಲ್ಯಾನು ಚಲೋ ಇತ್ತು. ಕಲ್ಲು ನೋಡೂಕೆ ಹುಬ್ಬಳ್ಳಿಂದ ಬಂದಂಗಾತು.” ಎಲ್ಲರೂ ನಕ್ಕರು. ಮೇಘನಾಳೂ ನಕ್ಕಳು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎಚ್ಚರವಾಯಿತು. ಬಾಗಿಲ ಬಳಿ ಆ ಚೀಲ. ಸ್ನಾನಕ್ಕೆ ಹೊರಟವನ ಕಾಲಿಗೆ ತಾಗಿತು — ಬಲವಾಗಿಯೇ ತಾಗಿತು. ಅದನ್ನೆತ್ತಿಕೊಂಡು ಕೆಳಗಿಳಿದೆ. ಲಾಡ್ಜಿನ ಹಿಂದೆ ಹೊಸ ಕಟ್ಟಡದ ಕೆಲಸ ನಡೆದಿತ್ತು, ಜಲ್ಲಿಯ ದೊಡ್ಡ ರಾಶಿ ಇತ್ತು. ಚೀಲವನ್ನು ಅದರ ಮೇಲೆ ಸುರಿದು ಕೊಡವಿದೆ. ಕಾಲಿನಿಂದ ಜಲ್ಲಿ ಎಳೆದು ಮುಚ್ಚಿದೆ. ಆಗ ನನಗೆ ಎಷ್ಟು ಹಗುರ ಅನ್ನಿಸಿತೆಂದರೆ — ಹೇಳಲು ನಾಚಿಕೆಯಾಗುತ್ತದೆ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಆಯಿ ಎದ್ದಿದ್ದಳು. ಎಲ್ಲಿ ಹೋದರೂ ಬೆಳಿಗ್ಗೆ ಎದ್ದು ಗುಡಿಸುವ ಅಭ್ಯಾಸ ಅವಳದು. ಲಾಡ್ಜಿನವರ ಹತ್ತಿರ ಕಸಬರಿಗೆ ಕೇಳಿ ತಂದು ಕೋಣೆ ಗುಡಿಸಿ, ಕಿತ್ತಳೆ ಸಿಪ್ಪೆ, ಚಹಾದ ಪೇಪರ್ ಕಪ್ಪು ಎಲ್ಲ ಒಟ್ಟುಮಾಡಿ ಕೆಳಗೆ ಹಾಕಿ ಬಂದಿದ್ದಳು.

ಮೇಘನಾ ಎದ್ದವಳೇ ಚೀಲ ಹುಡುಕಿದಳು. ಮಂಚದ ಕೆಳಗೆ, ಬಾತ್‌ರೂಮಿನಲ್ಲಿ, ಕಾರಿನಲ್ಲಿ. ಆಮೇಲೆ ಅಳು. ಅದು ಹಟದ ಅಳುವಲ್ಲ, ಏದುಸಿರು ಬಿಟ್ಟುಕೊಂಡು ಅಳುವ ಅಳು. ಪಕ್ಕದ ಕೋಣೆಯಿಂದ ಭಾವ, ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ಕಿಟಕಿಯ ಹೊರಗೆ ಕಾಂಕ್ರೀಟ್ ಮಿಕ್ಸರು ತಿರುಗುವ ಸದ್ದು ಶುರುವಾಗಿತ್ತು. ನನಗೆ ಹೆದರಿಕೆಯಾಯಿತು. ಮಗಳ ಕಣ್ಣಲ್ಲಿ, ಭಾವನ ಎದುರು, ನಾನು ಏನಾಗಿಬಿಡುತ್ತೇನೆ…

ವಿದ್ಯಾ ಮೆಲ್ಲಗೆ ಕೇಳಿದಳು, “ಆಯಿ, ನೀವು ಕಸ ಹಾಕೂಕೆ ಹೋಗಿದ್ರಲ್ಲ?”

“ಹೋಗಿದ್ದೆ. ಚೀಲ ಮುಟ್ಲಿಲ್ಲ ನಾನು. ಅದು ಅಲ್ಲಿ ಇರ್ಲೇ ಇಲ್ಲ.”

ಆಯಿಯ ದನಿಯಲ್ಲಿ ಅನುಮಾನವೇ ಇರಲಿಲ್ಲ. ಅವಳು ನಿಜ ಹೇಳುತ್ತಿದ್ದಳು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಎಲ್ಲರೂ ಅವಳನ್ನು ನಂಬುತ್ತಿದ್ದರು, ಆಮೇಲೆ ಉಳಿಯುವವನು ನಾನೊಬ್ಬನೇ. ಸುಮ್ಮನಿದ್ದರೂ ಸಾಕಿತ್ತು. ನಾನು ಸುಮ್ಮನಿರಲಿಲ್ಲ.

“ನಿಂಗೆ ನೆನಪಿಲ್ಲ ಅಷ್ಟೇ ಆಯಿ. ಕಸದ ಸಂಗ್ತಿಗೆ ಆ ಚೀಲನೂ ನೀನೇ ತಕಂಡು ಹೋದೆ. ನಾನು ಕಂಡೆ.”

ಆಯಿ ನನ್ನ ಮುಖ ನೋಡಿದಳು.

“ನೀ ಕಂಡ್ಯಾ?”

“ಕಂಡೆ.”

ಅವಳು ಮಂಚದ ತುದಿಯಲ್ಲಿ ಕೂತಳು. ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಹಾಗಾರೆ ಹೌದಾಗಿರ್ಬೇಕು” ಎಂದಳು. ವಿದ್ಯಾ ಕೆಳಗೆ ಹೋಗಿ ನೋಡಿ ಬಂದಳು, ಕಸದ ಗಾಡಿ ಆಗಲೇ ಬಂದು ಹೋಗಿತ್ತು.

ಮೇಘನಾ ಕೂಗಿದಳು — “ಎಲ್ಲಾ ಹಾಳು ಮಾಡ್ದೆ ಅಜ್ಜಿ ನೀನು!” ಆಯಿ ಮೊಮ್ಮಗಳ ಕೈ ಹಿಡಿಯಲು ಹೋದಳು, ಮಗು ಕೊಡವಿಕೊಂಡಿತು. “ತಪ್ಪಾಯ್ತು ತಂಗೀ, ಗೊತ್ತಾಗ್ಲಿಲ್ಲ ನಂಗೆ” ಎಂದು ಆಯಿ ಮತ್ತೆ ಮತ್ತೆ ಹೇಳುತ್ತಿದ್ದಳು. ಭಾವ ಬಾಗಿಲಿನಿಂದಲೇ ಹೇಳಿದ, “ಇರ್ಲಿ ಬಿಡಿ, ವಯಸ್ಸಾತು ಅವ್ರಿಗೆ.” ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ.

ಆಮೇಲೆ ಕಾಯ್ಕಿಣಿಗೆ ಹೋದೆವು, ಮಗಳನ್ನು ಸಮಾಧಾನ ಮಾಡಲೆಂದು. ಗದ್ದೆಗಳ ನಡುವಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಹೇಳಿ, “ಆಯಿ, ಎತ್ಲಾಗೆ ಹೋಗೂದು?” ಎಂದೆ. ಆಯಿ ಗಾಜಿನೊಳಗಿಂದಲೇ ಹೊರಗೆ ನೋಡಿದಳು. ಶೇಂಗಾ ಗಿಡಗಳ ಆಚೆ ಹಳ್ಳದ ಸಾಲಿನ ಮರಗಳು ನನಗೇ ಕಾಣುತ್ತಿದ್ದವು. “ಯಾವ ಹಳ್ಳ ಅಂತ ನಂಗೇ ಗೊತ್ತಾಗೂದಿಲ್ಲ ಈಗ. ಸುಮ್ನೆ ನಿಮ್ಮನ್ನೆಲ್ಲ ತಿರ್ಗಸ್ತೆ. ಬ್ಯಾಡ, ಭಟ್ಕಳಕ್ಕೆ ಹೋಗ್ವ” ಎಂದಳು. ಕಾರಿನಿಂದ ಇಳಿಯಲೇ ಇಲ್ಲ. ತಾನು ಹುಟ್ಟಿದ ಊರಿನಲ್ಲಿ.

ಮನೆಗೆ ಬಂದ ಮೇಲೆ ನಾನು ಅಂದುಕೊಂಡೆ, ಕೆಲವು ದಿನ ಹೋದರೆ ಮರೆಯುತ್ತಾಳೆ ಎಂದು. ಅವಳು ಮರೆಯಲಿಲ್ಲ. ಒಂದನ್ನೂ ಮರೆಯದವಳು ಇದನ್ನು ಹೇಗೆ ಮರೆತಾಳು? ಮೊದಲು ಗ್ಯಾಸಿನ ಒಲೆ ಮುಟ್ಟುವುದನ್ನು ಬಿಟ್ಟಳು, “ಆರ್ಸೂದು ಮರ್ತು ಹೋದ್ರೆ?” ಎಂದು. ಆಮೇಲೆ ಒಬ್ಬಳೇ ಪೇಟೆಗೆ ಹೋಗುವುದನ್ನು ಬಿಟ್ಟಳು. ಬಾಗಿಲು ಹಾಕಿ ಬಂದವಳು ಮತ್ತೆ ಎದ್ದು ಹೋಗಿ ಚಿಲಕ ಮುಟ್ಟಿ ನೋಡುವಳು. ಮೇಘನಾಳ ಕಲ್ಲುಗಳ ಹತ್ತಿರ ಸುಳಿಯಲೂ ಇಲ್ಲ. ಮಗಳು ದೊಡ್ಡವಳಾದ ಹಾಗೆ ಅಜ್ಜಿಯನ್ನು ಕ್ಷಮಿಸಿದಳು — ಆದರೆ ಕಾಯಿಲೆಯವರನ್ನು ಕ್ಷಮಿಸುವ ಹಾಗೆ. ಅಜ್ಜಿಯ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಅದನ್ನು ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ವಿದ್ಯಾಳ ಒತ್ತಾಯಕ್ಕೆ ಡಾಕ್ಟರಿಗೂ ತೋರಿಸಿದೆವು. ಅವರು ಬಹಳ ಹೊತ್ತು ಮಾತಾಡಿಸಿ, “ಇವರ ನೆನಪು ನನಗಿಂತ ಚೆನ್ನಾಗಿದೆ” ಎಂದು ನಕ್ಕರು. ಹೊರಗೆ ಬಂದ ಮೇಲೆ ಆಯಿ ನನ್ನ ತೋಳು ಹಿಡಿದು ಹೇಳಿದಳು, “ಡಾಕ್ಟ್ರು ಹಾಗೇ ಹೇಳೂದು ಮಗಾ. ನೀ ಕಣ್ಣಾರೆ ಕಂಡವ.” ಅಲ್ಲೇ ಹೇಳಿಬಿಡಬಹುದಿತ್ತು. ರಿಕ್ಷಾ ಕರೆದೆ.

ಆಯಿ ಬಿಟ್ಟದ್ದರಲ್ಲಿ ಅತಿ ದೊಡ್ಡದು ಹಾಡು. ಧಾರೇಶ್ವರದ ಒಂದು ಮನೆಯವರು ಮಗಳ ಮದುವೆಗೆ ಕರೆಯಲು ಬಂದಿದ್ದರು. “ನಡುವೆ ಮರ್ತು ಹೋದ್ರೆ ಎಂತ ಮಾಡೂದು? ಮದ್ವೆ ಮನೆಲಿ ಅಪಶಕುನ” ಎಂದು ಕಳಿಸಿಬಿಟ್ಟಳು. ಮತ್ತೆ ಯಾರಾದರೂ ಕರೆದರೂ ಅದೇ ಮಾತು. ಕೊನೆಗೆ ಕರೆ ಬರುವುದೂ ನಿಂತಿತು. ಅವಳ ಸಂಗಡ ದನಿಗೂಡಿಸುತ್ತಿದ್ದ ಹೆಂಗಸರು ಒಬ್ಬೊಬ್ಬರೇ ತೀರಿಹೋದರು. ಈಗ ಆ ಹಾಡುಗಳನ್ನು ಕೇಳಬೇಕೆಂದರೆ ಬೇರೆ ಯಾರೂ ಇಲ್ಲ. ನಮ್ಮ ಮನೆಯ ಒಳಕೋಣೆಯಲ್ಲಿ, ಬಾಯಿ ಮುಚ್ಚಿಕೊಂಡು ಕೂತ ಒಬ್ಬಳು ಮುದುಕಿಯೊಳಗೆ ಅವು ಇವೆ.

ಇಷ್ಟೆಲ್ಲ ನೋಡಿಯೂ ಯಾಕೆ ಸುಮ್ಮನಿದ್ದೆ? ಮೊದಲು ನಾಚಿಕೆಗೆ. ಆಮೇಲೆ — ತಡವಾದದ್ದಕ್ಕೇ ಇನ್ನಷ್ಟು ನಾಚಿಕೆ.

ಮೇಘನಾ ಈಗ ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದಾಳೆ. ಕಳೆದ ವಾರ ರಜೆಗೆ ಬಂದವಳು, “ಅಪ್ಪಾ, ಮತ್ತೊಂದು ಸಲ ಆ ಕಡೆಗೆಲ್ಲ ಹೋಗಿ ಬರ್ವ. ಅಜ್ಜಿನೂ ಕರ್ಕಂಡು. ಪಾಪ, ಆ ಸಲ ಬಾಳ ಬೈದಿದ್ದೆ ನಾನು” ಎಂದಳು. ಆ ‘ಪಾಪ’ ಎಂಬ ಮಾತು ಕೇಳಿದ ಮೇಲೆ ಇನ್ನು ಮುಚ್ಚಿಡುವುದು ಬೇಡ ಅನ್ನಿಸಿತು.

ಮರುದಿನ ಆಯಿ ಹಿತ್ತಿಲಿನಲ್ಲಿ ಬಸಳೆ ಬಿಡಿಸುತ್ತಿದ್ದಳು. ಎದುರು ಕೂತೆ. “ಆಯಿ, ಮುರ್ಡೇಶ್ವರದಲ್ಲಿ ಆ ಚೀಲ ನೀನು ಎಸೀಲಿಲ್ಲ. ಎಸ್ದದ್ದು ನಾನು. ನೀ ತಕಂಡು ಹೋದದ್ದು ಕಂಡೆ ಅಂದದ್ದು ಸುಳ್ಳು. ನಿಂಗೆ ಯಾವ ಮರೆವೂ ಇಲ್ಲ.”

ಬೈಯುತ್ತಾಳೆ, ಅಳುತ್ತಾಳೆ, ಕೈಲಿದ್ದದ್ದನ್ನು ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಆಯಿ ನಕ್ಕಳು. ನನ್ನ ಮಂಡಿ ಸವರಿದಳು.

“ನನ್ನ ಸಮಾಧಾನಕ್ಕೆ ಹೇಳ್ತೆ ನೀನು. ಬ್ಯಾಡ ಮಗಾ. ನಂಗೆ ಆಮೇಲೆ ನೆನಪಾತು. ಚೀಲ ಬಾಳ ಭಾರ ಇತ್ತು. ಮೆಟ್ಲು ಇಳಿವಾಗ ಈ ಕೈ ಉಳುಕಿದಂಗಾಗಿತ್ತು.” ಬಲಗೈ ಎತ್ತಿ ತೋರಿಸಿದಳು.

ಇಲ್ಲದ ನೆನಪೊಂದನ್ನು ನಾನು ಅವಳಿಗೆ ಕೊಟ್ಟಿದ್ದೆ. ಅವಳು ಅದನ್ನು ಇಷ್ಟು ವರ್ಷ ಸಾಕಿ ಬೆಳೆಸಿದ್ದಳು.

ಅಂದು ಮಧ್ಯಾಹ್ನವೇ ವಿದ್ಯಾಳಿಗೂ ಮೇಘನಾಳಿಗೂ ಎಲ್ಲ ಹೇಳಿದೆ. ವಿದ್ಯಾ ಎದ್ದು ಒಳಗೆ ಹೋದಳು. ಮೇಘನಾ ಅಮ್ಮ ಹೋದ ಬಾಗಿಲ ಕಡೆ ನೋಡಿದಳು. ಆಮೇಲೆ, “ಕಲ್ಲು ಹೋಗ್ಲಿ. ಅಜ್ಜಿಗೆ ಯಾಕೆ ಹಾಗೆ ಮಾಡ್ದೆ?” ಎಂದಳು. ಉತ್ತರಕ್ಕೆ ಕಾಯದೆ ಎದ್ದು ಅಜ್ಜಿಯ ಹತ್ತಿರ ಹೋದಳು. ಅಂದಿನಿಂದ ಅವಳು ಅಜ್ಜಿಯ ಪಕ್ಕವೇ ಕೂತಿರುತ್ತಾಳೆ. ನಿಧಾನವಾಗಿ ಬಿಡಿಸಿ ಮಾತಾಡುವುದನ್ನು ನಿಲ್ಲಿಸಿದ್ದಾಳೆ. ನಾನೂ ದಿನಾ ಬೆಳಿಗ್ಗೆ ಆಯಿಯ ಎದುರು ಕೂತು ಅದೇ ಮಾತು ಹೇಳುತ್ತೇನೆ. ದಿನಾ ಅವಳು ನಕ್ಕು ನನ್ನನ್ನು ಸಮಾಧಾನ ಮಾಡಿ ಕಳಿಸುತ್ತಾಳೆ. ನಾನು ಹೇಳುವುದನ್ನು ನಿಲ್ಲಿಸುವುದಿಲ್ಲ.

ನಿನ್ನೆ ಪ್ರವಾಸದ ಮಾತು ಮತ್ತೆ ಬಂತು. ಮೇಘನಾ ನನ್ನ ಕಡೆ ನೋಡದೆ, “ಅಮ್ಮ, ಅಜ್ಜಿ, ನಾನು — ಮೂರೇ ಜನ ಸಾಕು. ಅಪ್ಪ ಬರೂದು ಬ್ಯಾಡ” ಎಂದಳು. ನ್ಯಾಯವಾದ ಮಾತು. ನಾನು ಒಪ್ಪಿಕೊಂಡೆ.

ಆಯಿ ಒಪ್ಪಲಿಲ್ಲ. ಗಾಬರಿಯಿಂದ ಎದ್ದು ಬಂದು ನನ್ನ ಅಂಗಿಯ ತೋಳು ಹಿಡಿದುಕೊಂಡಳು.

“ಅವ ಇಲ್ದೇ ನಾ ಬರೂದಿಲ್ಲ ತಂಗೀ. ನಂಗೆ ಎಂತದೂ ನೆನಪಿರೂದಿಲ್ಲ. ಅವ ಸಂಗ್ತಿಗೆ ಇದ್ರೆ ಧೈರ್ಯ.”

ಮೇಘನಾ ನನ್ನನ್ನೇ ನೋಡುತ್ತಿದ್ದಳು. ತೋಳಿನ ಮೇಲಿದ್ದ ಆಯಿಯ ಕೈಯನ್ನು ಬಿಡಿಸಿಕೊಳ್ಳಲೂ ನನ್ನಿಂದಾಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ.